ಸೆಕೆಂಡ್ ಲೈಫ್‌ನಲ್ಲಿ ರೋಲ್‌ಪ್ಲೇ ಹರಾಜು: ಸವಾಲಿಗೆ ಮೊದಲು ಚೀಟಿ ಬರೆಯಿರಿ

ಇದು ವಯಸ್ಕರಿಗೆ ಮಾತ್ರ. 18 ತುಂಬದವರು ಪುಟ ತಿರುಗಿಸಿ.

ಅಮೆರಿಕದ ಲಿಂಡೆನ್ ಲ್ಯಾಬ್ 2003ರಲ್ಲಿ ಶುರು ಮಾಡಿದ ಆನ್‌ಲೈನ್ ಲೋಕ ಸೆಕೆಂಡ್ ಲೈಫ್. ಅಲ್ಲಿನ ಕೆಲವು ರೋಲ್‌ಪ್ಲೇ ಊರುಗಳಲ್ಲಿ, ಅಂದರೆ ಜನ ಪಾತ್ರ ವಹಿಸಿ ಕಥೆ ಆಡುವ ಜಾಗಗಳಲ್ಲಿ, ಹರಾಜು ನಡೆಯುತ್ತದೆ. ಒಬ್ಬರ ಅವತಾರ್ (ಆ ಲೋಕದೊಳಗಿನ ಅವರ ಗೊಂಬೆರೂಪ) ಕಟ್ಟೆ ಹತ್ತಿ ನಿಲ್ಲುತ್ತದೆ, ಉಳಿದವರು ಸವಾಲು ಕೂಗುತ್ತಾರೆ, ಗೆದ್ದವರು ಆ ಪಾತ್ರದ ಜೊತೆ ಇಂತಿಷ್ಟು ಹೊತ್ತು ಕಥೆ ಆಡುತ್ತಾರೆ. ಮಾರಾಟ ಅನ್ನುವುದು ಕಥೆಯೊಳಗಿನ ಮಾತು, ಅಷ್ಟೇ. ಕೂಗಾಟ ಭರ್ಜರಿಯಾಗಿ ನಡೆದು, ಮಾರನೇ ದಿನ ಇಬ್ಬರೂ ಮುಖ ಊದಿಸಿಕೊಂಡು ಕೂರುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ಸಣ್ಣಪುಟ್ಟ ಕೆಲಸ ಮುಗಿಸಿ. ಖಾತೆ ತೆರೆದು, ಸೆಟ್ಟಿಂಗ್‌ನಲ್ಲಿ ಅಡಲ್ಟ್ ಜಾಗಗಳಿಗೆ ಅನುಮತಿ ಹಾಕಿಕೊಳ್ಳಿ. ಆ ಲೋಕಕ್ಕೆ ಹೋಗಲು ಬೇಕಾದ ಸಾಫ್ಟ್‌ವೇರ್‌ಗೆ ವ್ಯೂವರ್ ಅನ್ನುತ್ತಾರೆ; ಫೈರ್‌ಸ್ಟಾರ್ಮ್ ವ್ಯೂವರ್ ಇಳಿಸಿಕೊಂಡರೆ ಒಳ್ಳೆಯದು. ಅವತಾರ್ ನೋಡಿದರೆ ದೊಡ್ಡವರು ಅನ್ನಿಸಲೇಬೇಕು. ಇಂಥ ಜಾಗದಲ್ಲಿ ಮಗುವಿನ ರೂಪಕ್ಕೆ ಪೂರ್ತಿ ನಿಷೇಧವಿದೆ, ಖಾತೆಯೇ ಹೋಗಬಹುದು. ಸಮಯವನ್ನೂ ನೋಡಿಕೊಳ್ಳಿ. ಅಲ್ಲಿನ ಗಡಿಯಾರ ಕ್ಯಾಲಿಫೋರ್ನಿಯಾದ್ದು. ಅವರ ಸಂಜೆ 6 ಗಂಟೆಯ ಹರಾಜು ನಮಗೆ ಮಾರನೇ ದಿನ ಬೆಳಿಗ್ಗೆ 6.30, ಅವರ ಚಳಿಗಾಲದಲ್ಲಾದರೆ 7.30. ಹಾಲು ಕಾಯಿಸುತ್ತಾ ಸವಾಲು ಕೂಗಲು ಹೋಗಬೇಡಿ.

ಆಮೇಲೆ ಊರಿನ ನಿಯಮ ಓದಿ, ಕೂಗದೆ ಒಂದು ಹರಾಜು ಸುಮ್ನೆ ನಿಂತು ನೋಡಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಕಟ್ಟೆ ಹತ್ತುವವರು ಮೊದಲೇ ಒಂದು ನೋಟ್‌ಕಾರ್ಡ್, ಅಂದರೆ ಆ ಲೋಕದೊಳಗೆ ಇತರರಿಗೆ ಕೊಡಬಹುದಾದ ಚೀಟಿ, ಬರೆದಿಡಬೇಕು. ಬಹಳ ಜನ ಇಲ್ಲಿ ಪಾತ್ರದ ಜೀವನಚರಿತ್ರೆ ಬರೆಯುತ್ತಾರೆ: ಹುಟ್ಟಿದ ದ್ವೀಪ, ಕಣ್ಣಿನ ಬಣ್ಣ, ಸತ್ತ ಅಣ್ಣ. ಕೊನೆಯಲ್ಲಿ 'ಮಿತಿಗಳು: ಕೇಳಿ' ಅಂತ ಒಂದೇ ಸಾಲು. ಯಾರೂ ಕೇಳುವುದಿಲ್ಲ! ಚೀಟಿ ಹೀಗಿರಲಿ:

'ಪಾತ್ರ: ಕಡಲ್ಗಳ್ಳರ ಸೆರೆಯಾಳು. ಅವಧಿ: ಒಂದು ವಾರದೊಳಗೆ ಎರಡು ಸಲ, ಸಲಕ್ಕೆ ಒಂದು ಗಂಟೆ. ಸರಿ: ಕಟ್ಟಿಹಾಕುವುದು, ಬೆದರಿಕೆಯ ಮಾತು. ಮೊದಲು ಕೇಳಿ: ಮೂರನೆಯವರು ಸೇರುವುದು. ಬೇಡ: ವಾಯ್ಸ್, ಫೋಟೊ, ರಕ್ತ, ನನ್ನ ನಿಜಜೀವನದ ಪ್ರಶ್ನೆ. ಮಂಚದ ದೃಶ್ಯ: ಬಾಗಿಲು ಮುಚ್ಚಿತು ಎಂದು ಬರೆದು ಮುಂದಕ್ಕೆ. ರೆಡ್ ಎಂದರೆ ಆಟ ಅಲ್ಲಿಗೇ ನಿಂತಿತು.'

'ಬೇಡ' ಸಾಲಿಗೆ ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಚೌಕಾಸಿ ಶುರುವಾಗುತ್ತದೆ. ಅವಧಿಯನ್ನು ಗಂಟೆಯಲ್ಲೇ ಬರೆಯಿರಿ. 'ಒಂದು ವಾರ ನಿಮ್ಮವಳು' ಅಂತ ಬರೆದವರಿಗೆ ಆಫೀಸ್ ಮೀಟಿಂಗ್ ನಡುವೆ ಮೆಸೇಜ್ ಬರುತ್ತದೆ, ಉತ್ತರಿಸದಿದ್ದರೆ ಕೋಪ ಬೇರೆ. ಮಧ್ಯೆ ನಿಲ್ಲಿಸಿದರೆ ದುಡ್ಡಿನ ಕಥೆ ಏನು ಅನ್ನುವುದೂ ಚೀಟಿಯಲ್ಲಿರಲಿ. ಪೂರ್ತಿ ವಾಪಸ್ ಅನ್ನುವುದೇ ಸರಿ ಅಂತ ನನ್ನ ಅಭಿಪ್ರಾಯ, ಇಲ್ಲದಿದ್ದರೆ 'ದುಡ್ಡು ಕೊಟ್ಟಿದ್ದೇನಲ್ಲ' ಅನ್ನುವ ಮಾತು ಬಂದೇ ಬರುತ್ತದೆ. ಇಂಥ ವ್ಯವಹಾರದ ಜಗಳಕ್ಕೆ ಕಂಪನಿ ತಲೆ ಹಾಕುವುದಿಲ್ಲ.

ಕೂಗುವವರೂ ಚೀಟಿ ಪೂರ್ತಿ ಓದಿ. ಅನುಮಾನವಿದ್ದರೆ ಖಾಸಗಿ ಮೆಸೇಜ್‌ನಲ್ಲಿ ಕೇಳಿ, ಏಕೆಂದರೆ ಮಾಮೂಲಿ ಚಾಟ್ 20 ಮೀಟರ್ ಒಳಗಿರುವ ಎಲ್ಲರಿಗೂ ಕಾಣುತ್ತದೆ. 'ಬೇಡ' ಪಟ್ಟಿಯಲ್ಲಿರುವುದೇ ನಿಮಗೆ ಬೇಕಿದ್ದರೆ ಕೂಗಲೇಬೇಡಿ. ಗೆದ್ದಮೇಲೆ ಮನಸ್ಸು ಬದಲಾಯಿಸಬಹುದು ಅನ್ನುವವರ ಜೊತೆ ಆಟ ಆಡಲು ಯಾರಿಗೂ ಇಷ್ಟ ಇರುವುದಿಲ್ಲ, ಅಲ್ವಾ?

ದುಡ್ಡಿನ ವಿಷಯ. ಅಲ್ಲಿ ನಡೆಯುವುದು ಲಿಂಡೆನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ ಸುಮಾರು 250 ಲಿಂಡೆನ್ ಡಾಲರ್, ಸ್ವಲ್ಪ ಆಚೀಚೆ. ಹರಾಜಿನ ಬೋರ್ಡಿಗೆ ದುಡ್ಡು ಹಾಕಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಪೇ' ಒತ್ತಿದರೆ ಸಾಕು. 'ನಿಮ್ಮ ಖಾತೆಯಿಂದ ಲಿಂಡೆನ್ ಡಾಲರ್ ತೆಗೆಯಲು ಅನುಮತಿ ಕೊಡುತ್ತೀರಾ' ಎಂಬ ಪೆಟ್ಟಿಗೆ ತೆರೆದುಕೊಂಡರೆ ತಕ್ಷಣ ಇಲ್ಲ ಅನ್ನಿ. ಸೋತವರಿಗೆ ದುಡ್ಡು ವಾಪಸ್ ಕೊಡಲು ಆ ಅನುಮತಿ ಬೇಕಾಗುವುದು ಬೋರ್ಡಿನ ಮಾಲೀಕರಿಗೆ. ಕೂಗುವವರಿಗೆ ಅದರ ಗೊಡವೆಯೇ ಇಲ್ಲ. ಇದನ್ನು ಒತ್ತಿ ಖಾತೆ ಖಾಲಿ ಮಾಡಿಕೊಳ್ಳುವವರು ಈಗಲೂ ಇದ್ದಾರೆ.

ಕೊರಳಪಟ್ಟಿ ಮತ್ತು ಆರ್‌ಎಲ್‌ವಿ. ಆರ್‌ಎಲ್‌ವಿ ಅನ್ನುವುದು ವ್ಯೂವರ್‌ನ ಒಂದು ಸೌಲಭ್ಯ. ಇದನ್ನು ಆನ್ ಮಾಡಿ ಅವತಾರ್‌ಗೆ ಕೊರಳಪಟ್ಟಿ ಹಾಕಿಕೊಂಡರೆ, ನಿಮ್ಮ ಟೆಲಿಪೋರ್ಟ್ (ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವುದು), ಬಟ್ಟೆ, ಖಾಸಗಿ ಮೆಸೇಜ್ ಎಲ್ಲಕ್ಕೂ ಇನ್ನೊಬ್ಬರು ತಡೆ ಹಾಕಬಹುದು. ಹೊಸಬರು ಆಫ್ ಇಡಿ. ಕಟ್ಟಿಹಾಕಿದ್ದಾರೆ ಅಂತ ಬರೆದರೆ ಕಥೆಗೆ ಅದೇ ಸಾಕು. ಬೇಕೇ ಬೇಕು ಅನ್ನುವವರು ಓಪನ್‌ಕಾಲರ್ ಎಂಬ ಕೊರಳಪಟ್ಟಿ ಹಾಕಿಕೊಳ್ಳಿ, ಅದು ಬಿಟ್ಟಿ, ಕೋಡ್ ಯಾರು ಬೇಕಾದರೂ ನೋಡಬಹುದು. ಗುರುತಿಲ್ಲದವರು ಉಡುಗೊರೆ ಕೊಟ್ಟ ಕೊರಳಪಟ್ಟಿ ಮಾತ್ರ ಬೇಡ, ಎಷ್ಟೇ ಹೊಳೆಯಲಿ. ಸಿಕ್ಕಿಹಾಕಿಕೊಂಡರೆ ಲಾಗ್‌ಔಟ್ ಆಗಿ, ಆರ್‌ಎಲ್‌ವಿ ಇಲ್ಲದ ಅಥವಾ ಅದು ಆಫ್ ಇರುವ ವ್ಯೂವರ್‌ನಿಂದ ಬನ್ನಿ. ಅದರಲ್ಲಿ ಆ ತಡೆಗಳು ನಡೆಯುವುದಿಲ್ಲ.

ಹರಾಜಿನ ಹೊತ್ತು ನಿಜಕ್ಕೂ ಸುಲಭ. ಕೂಗಿ, ನಗಿ, ಸವಾಲು ನಿಮ್ಮ ದುಡ್ಡಿನ ಮಿತಿ ದಾಟಿದರೆ ಬಿಟ್ಟುಬಿಡಿ.

ಗೆದ್ದ ಮೇಲೆ ನೇರ ಕಥೆಗೆ ಹಾರಬೇಡಿ. ಮೊದಲ ಹತ್ತು ನಿಮಿಷ ಪಾತ್ರದ ಹೊರಗೆ ಮಾತಾಡಿ, ಚೀಟಿ ಇನ್ನೊಮ್ಮೆ ಓದಿಕೊಳ್ಳಿ. ಕಥೆಯ ಮಧ್ಯೆ ಹೊರಗಿನ ಮಾತು ಬಂದರೆ ಜೋಡಿ ಆವರಣದೊಳಗೆ ಬರೆಯುವುದು ಅಲ್ಲಿನ ರೂಢಿ: ((ಒಂದು ನಿಮಿಷ, ಬಾಗಿಲಲ್ಲಿ ಯಾರೋ)). ಎದುರಿನವರು ಇದ್ದಕ್ಕಿದ್ದಂತೆ ಒಂದೊಂದೇ ಪದದಲ್ಲಿ ಉತ್ತರಿಸತೊಡಗಿದರೆ ರೆಡ್ ಬರುವವರೆಗೆ ಕಾಯದೆ ನೀವೇ ಕೇಳಿ. ಆಟ ಮುಗಿದ ಮೇಲೆ ಚಾಟ್ ಕಾಪಿ ಮಾಡಿ ಗೆಳೆಯರಿಗೆ ಕಳಿಸುವ ಆಸೆಯಾದರೆ ಮೊದಲು ಎದುರಿನವರ ಒಪ್ಪಿಗೆ ಕೇಳಿ.