ದಿನಸಿ ಅಂಗಡಿ ತಕ್ಕಡಿಯಲ್ಲಿ ಎಂಜಿನ್ ಆಯಿಲ್ ತೂಗಿದ್ದು

ಅಂಗಡಿಯ ತಕ್ಕಡಿ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಸರ್ವಿಸ್ ಸೆಂಟರ್‌ಗೆ ಹೊರಟಾಗ ನಮ್ಮ ಭಾವ ಬಾಗಿಲಲ್ಲೇ ನಿಂತು ನಕ್ಕರು. "ಆಯಿಲ್ ಜೊತೆ ಎರಡು ಕೆ.ಜಿ. ಬೆಲ್ಲನೂ ತೂಗಿಸ್ಕೊಂಡು ಬಾ" ಅಂದರು. ಈಗ ಅದೇ ಭಾವ ತಮ್ಮ ಕಾರಿನ ಎಂಜಿನ್ ಎಷ್ಟು ಆಯಿಲ್ ಸುಡುತ್ತದೆ ಅಂತಲೂ ತೂಗಿ ನೋಡಲು ಒಂದು ದಿನ ಗೊತ್ತು ಮಾಡು ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ತಿಪಟೂರಿನಲ್ಲಿ ದಿನಸಿ ಅಂಗಡಿ. ಕಾರು 2021ರ ಕೊನೆಯಲ್ಲಿ ತಗೊಂಡಿದ್ದು. ಮೂರು ಸಿಲಿಂಡರ್ ಪೆಟ್ರೋಲ್, ಬಿಲ್ಲು ಒಂಬತ್ತೂವರೆ ಲಕ್ಷದ ಒಳಗೆ. ಕಂಪನಿ ಹೆಸರು, ಡೀಲರ್ ಹೆಸರು ಬೇಡ. ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಸುಮಾರು 28 ಸಾವಿರ ಓಡಿದ ಮೇಲೆ ಒಂದು ದಿನ ಸುಮ್ನೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡಿದರೆ ತುದಿಗೆ ಮಾತ್ರ ಆಯಿಲ್. ಸರ್ವಿಸ್ ಆಗಿ ಎರಡು ತಿಂಗಳೂ ಆಗಿರಲಿಲ್ಲ. ಕೆಳಗೆ ಒಂದು ತೊಟ್ಟು ಸೋರಿಕೆ ಇಲ್ಲ. ಹೊಗೆಯೂ ಕಣ್ಣಿಗೆ ಕಾಣುವಷ್ಟು ಇಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂಥರಾ ಸುಟ್ಟ ವಾಸನೆ, ಅಷ್ಟೇ.

ಸರ್ವಿಸ್ ಅಡ್ವೈಸರ್ ಹುಡುಗ ಹೇಳಿದ್ದು ನೀವೆಲ್ಲ ಕೇಳಿರುವ ಮಾತೇ. "ಸರ್, ಇದು ನಾರ್ಮಲ್. ಸಾವಿರ ಕಿಲೋಮೀಟರ್‌ಗೆ ಒಂದು ಲೀಟರ್‌ವರೆಗೂ ತಗೊಳತ್ತೆ." ಮೂರೂವರೆ ಲೀಟರ್ ಹಿಡಿಯುವ ಎಂಜಿನ್ ಸಾವಿರಕ್ಕೆ ಒಂದು ಲೀಟರ್ ಕುಡಿದರೆ ಹತ್ತು ಸಾವಿರದ ಸರ್ವಿಸ್ ಬರುವಷ್ಟರಲ್ಲಿ ಹತ್ತು ಲೀಟರ್ ಸುಡಬೇಕು. ಇದನ್ನು ನಾರ್ಮಲ್ ಅನ್ನಲು ಬಾಯಿ ಹೇಗೆ ಬರುತ್ತದೋ!

ಮೊದಲ ಐದಾರು ತಿಂಗಳು ನಾನು ಮಾಡಿದ್ದೆಲ್ಲ ದಂಡ. ಎಂಜಿನ್ ಒಳಗನ್ನು ತೊಳೆಯುವ ಫ್ಲಶ್ ಹಾಕಿಸಿದೆ, ಸಾವಿರದ ಇನ್ನೂರು ಹೋಯಿತು. ಅದಾದ ಮೇಲೆ ಆಯಿಲ್ ಇನ್ನೂ ಸ್ವಲ್ಪ ಜಾಸ್ತಿಯೇ ಇಳಿಯಿತು. ಯಾರೋ ಹೇಳಿದರು ಅಂತ ಆಯಿಲಿಗೆ ಬೆರೆಸುವ ಒಂದು ಡಬ್ಬಿ ಅಡಿಟಿವ್ ಸುರಿದೆ, ಅದಕ್ಕೆ ಸಾವಿರದ ಎಂಟುನೂರು. ಎಂಜಿನ್ ಒಳಗೆ ಕಟ್ಟುವ ಆವಿಯನ್ನು ಮತ್ತೆ ಸುಡಲು ಕಳಿಸುವ ಪಿಸಿವಿ ವಾಲ್ವ್ ಬದಲಿಸಿದ್ದು ಒಂಬೈನೂರು. ಹಳೆಯದನ್ನು ಅಲ್ಲಾಡಿಸಿದರೆ ಚೆನ್ನಾಗಿಯೇ ಟಕಟಕ ಅಂತಿತ್ತು. ಅಂದರೆ ಅದರ ತಪ್ಪೇನೂ ಇರಲಿಲ್ಲ. ಬಿ.ಹೆಚ್. ರಸ್ತೆಯ ಗ್ಯಾರೇಜ್ ಭಾಯ್ "ಅಣ್ಣಾ, ದಪ್ಪ ಆಯಿಲ್ ಹಾಕಿ ನೋಡಿ" ಅಂದರು. ಅದೊಂದು ಮಾತ್ರ ಕೇಳಲಿಲ್ಲ, ಪುಣ್ಯ. ಬುಕ್ಕಿನಲ್ಲಿ ಬರೆದ ಗ್ರೇಡ್ ಬಿಟ್ಟು ಬೇರೆ ಹಾಕಿದ್ದರೆ ವಾರಂಟಿಯವರಿಗೆ ನಾನೇ ಬಾಗಿಲು ತೆಗೆದುಕೊಟ್ಟ ಹಾಗಾಗುತ್ತಿತ್ತು. ಟಾಪ್ ಅಪ್ ಮಾಡಿದ ಪ್ರತಿ ಲೀಟರಿಗೂ ಅದೇ ಗ್ರೇಡಿನ ಬಿಲ್ಲು ಇಟ್ಟುಕೊಂಡೆ. ಹನ್ನೊಂದು ತಿಂಗಳಲ್ಲಿ ಹದಿಮೂರು ಹದಿನಾಲ್ಕು ಲೀಟರ್, ಒಂಬತ್ತು ಸಾವಿರದ ಮೇಲೆ.

ಮಧ್ಯೆ ಇನ್ನೊಂದು ಹುಚ್ಚು. ಆಯಿಲ್ ಬಿಸಿಗೆ ಆವಿಯಾಗಿಯೇ ಹೋಗುತ್ತಿದೆಯೋ ಏನೋ ಅಂತ ಅನುಮಾನ ಬಂತು. ಅಂಗಳದಲ್ಲಿ ಒಲೆ ಹಚ್ಚಿ, ಹಳೆ ಬಾಣಲೆಯಲ್ಲಿ ಇನ್ನೂರು ಗ್ರಾಂ ಹೊಸ ಆಯಿಲ್ ಇಟ್ಟು ಒಂದು ಗಂಟೆ ಕಾಯಿಸಿದೆ. ಹದಿನೈದಿಪ್ಪತ್ತು ಗ್ರಾಂ ಕಮ್ಮಿಯಾಯಿತು. ಲೂಸ್ ಆಯಿಲ್ ತಂದು ಕಾಯಿಸಿದರೆ ಅದರ ಎರಡರಷ್ಟು ಹೋಯಿತು. ಕಾರಿನ ವಿಷಯಕ್ಕೆ ಇದರಿಂದ ಏನೂ ಗೊತ್ತಾಗಲಿಲ್ಲ. ಆ ಬಾಣಲೆ ಹಳೆಯದಲ್ಲ ಅಂತ ಮಾತ್ರ ಆಮೇಲೆ ಮನೆಯವರಿಂದ ಗೊತ್ತಾಯಿತು. ನೀವು ಮಾಡಬೇಡಿ. ಆಯಿಲ್ ಬೆಂಕಿ ಹಿಡಿದರೆ ಕಷ್ಟ.

ಸರ್ವಿಸ್ ಸೆಂಟರ್‌ನವರು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿ ಮೂರೂ ಸಿಲಿಂಡರ್ ಸರಿ ಇದೆ ಅಂತ ಕಾಗದ ಕೊಟ್ಟರು. ಇಲ್ಲಿ ತುಂಬಾ ಜನ ಸೋಲುತ್ತಾರೆ. ಪಿಸ್ಟನ್ ಸುತ್ತ ಮೂರು ರಿಂಗ್ ಇರುತ್ತವೆ. ಆ ಒತ್ತಡ ಹಿಡಿಯುವುದು ಮೇಲಿನ ಎರಡು ರಿಂಗ್. ಸಿಲಿಂಡರ್ ಗೋಡೆಯ ಆಯಿಲ್ ಕೆರೆದು ಕೆಳಗಿಳಿಸುವುದು ಕೆಳಗಿನ ಮೂರನೇ ರಿಂಗ್. ಅದು ಕಾರ್ಬನ್ ಕಟ್ಟಿ ಕೂತುಬಿಟ್ಟರೂ ಗೇಜಿನ ಮುಳ್ಳು ಚೆನ್ನಾಗಿಯೇ ಏಳುತ್ತದೆ. ನಾನು ಸಾವಿರದ ಏಳುನೂರು ಕೊಟ್ಟು ಮೊಬೈಲಿಗೆ ಸಿಗಿಸುವ ಸಣ್ಣ ಕ್ಯಾಮೆರಾ ಇರುವ ಬೋರ್‌ಸ್ಕೋಪ್ ತರಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಇಳಿಸಿ ನೋಡಿದರೆ ಒಂದನೇ ಮತ್ತು ಮೂರನೇ ಪಿಸ್ಟನ್ ತಲೆ ಒಣಗಿದ ಮಸಿ. ಎರಡನೆಯದರ ಅಂಚಿನಲ್ಲಿ ಮಾತ್ರ ಸುತ್ತಲೂ ಮಸಿ ತೊಳೆದುಹೋಗಿ ಅಲ್ಯೂಮಿನಿಯಂ ಫಳಫಳ ಹೊಳೆಯುತ್ತಿತ್ತು. ಕೆಳಗಿಂದ ಆಯಿಲ್ ಹತ್ತುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಅಡ್ವೈಸರ್‌ಗೆ ಫೋಟೋ ತೋರಿಸಿದೆ. "ಸರ್, ಹೊರಗಡೆ ಪ್ಲಗ್ ಬಿಚ್ಚಿಸಿದ್ದೀರಾ?" ಅಂತ ಕೇಳಿದ. ಫೋಟೋ ಬಗ್ಗೆ ಒಂದು ಮಾತಿಲ್ಲ.

ಆಮೇಲೆ ಅವರದೇ ಆಯಿಲ್ ಟೆಸ್ಟ್. ಫುಲ್ ಮಾಡಿ ಕಳಿಸುತ್ತಾರೆ, ಐನೂರು ಕಿ.ಮೀ. ಓಡಿಸಿ ಬನ್ನಿ ಅನ್ನುತ್ತಾರೆ, ಡಿಪ್‌ಸ್ಟಿಕ್ ನೋಡಿ "ಲೆವೆಲ್ ಇದೆ ಸರ್" ಅನ್ನುತ್ತಾರೆ. ಎರಡು ಸಲ ಹೀಗೇ ಆಯಿತು. ಒಂದು ಸಲ ತಪ್ಪು ನನ್ನದೇ. ಆ ಐನೂರನ್ನು ಊರೊಳಗೇ ಓಡಿಸಿದ್ದೆ, ಅಂಗಡಿ, ಮನೆ, ಎಪಿಎಂಸಿ ಅಂತ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಪೆಟ್ರೋಲ್ ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತದೆ. ಆಯಿಲ್ ಹೋದ ಜಾಗಕ್ಕೆ ಪೆಟ್ರೋಲ್ ಬಂದು ಕೂರುತ್ತದೆ, ಲೆವೆಲ್ ಹಾಗೇ ಕಾಣುತ್ತದೆ. ಡಿಪ್‌ಸ್ಟಿಕ್ ಮೂಸಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಇನ್ನೊಂದು ಸಲ ಅವರು ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದ್ದು. ಡಿಪ್‌ಸ್ಟಿಕ್‌ನ ಎರಡು ಗುರುತಿನ ನಡುವೆ ಒಂದು ಲೀಟರ್ ಹತ್ತಿರ ಇರುತ್ತದೆ. ನಾಲ್ಕು ಮಿಲಿಮೀಟರ್ ಆಚೀಚೆ ಆದರೆ ಜಗಳವೇ ಮುಗಿಯುವುದಿಲ್ಲ.

ನಮ್ಮಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅವನು ಫೋನಿನಲ್ಲಿ ಒಂದು ವಿಷಯ ಹೇಳಿದ. ಅಲ್ಲಿ ಟೊಯೋಟಾದ 2.4 ಲೀಟರ್ ಎಂಜಿನ್, 2ಎಝಡ್-ಎಫ್ಇ ಅಂತಾರಲ್ಲ, ಹಳೆ ಕ್ಯಾಮ್ರಿಗಳದ್ದು, ಅದಕ್ಕೂ ಇದೇ ರೋಗ ಬಂದಿತ್ತಂತೆ. ಕಂಪನಿ ವಾರಂಟಿ ಮುಂದುವರಿಸಿತು. ಆಯಿಲ್ ತುಂಬಿ ಸೀಲ್ ಮಾಡಿ 1,200 ಮೈಲಿ ಓಡಿಸಬೇಕಿತ್ತು, ಒಂದು ಕ್ವಾರ್ಟ್‌ಗಿಂತ ಜಾಸ್ತಿ ಹೋಗಿದ್ದರೆ ಪಿಸ್ಟನ್, ರಿಂಗ್ ಬದಲಿ. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಸಾವಿರ ಕಿ.ಮೀ.ಗೆ ಸುಮಾರು ಅರ್ಧ ಲೀಟರ್. ಇದನ್ನು ಕೇಳಿದ ರಾತ್ರಿ ಅಂಗಡಿ ಬಾಗಿಲು ಹಾಕುವಾಗ ತಕ್ಕಡಿ ಕಣ್ಣಿಗೆ ಬಿತ್ತು. ಕಣ್ಣಳತೆ ಯಾಕೆ, ತೂಗಿಬಿಟ್ಟರೆ ಆಯಿತಲ್ಲ.

ಲೆಕ್ಕ ಸುಲಭ. ಆಯಿಲ್ ಒಂದು ಲೀಟರಿಗೆ ಹತ್ತಿರ ಹತ್ತಿರ 850 ಗ್ರಾಂ. ಬಿಸಿ ಇರುವಾಗ ಡ್ರೈನ್ ಬೋಲ್ಟ್ ಬಿಚ್ಚಿ, ಒಂದೇ ಜಾಗದಲ್ಲಿ, ಗಡಿಯಾರ ನೋಡಿಕೊಂಡು ನಲವತ್ತು ನಿಮಿಷ ಸುರಿಯಲು ಬಿಡಬೇಕು. ಈ ಆಯಿಲ್ ಲೆಕ್ಕಕ್ಕಿಲ್ಲ. ಫಿಲ್ಟರ್ ಮುಟ್ಟಬಾರದು. ಹೊಸದನ್ನು ತೂಗಿ ಹಾಕಬೇಕು. ಸಾವಿರ ಕಿ.ಮೀ. ಹೈವೇಯಲ್ಲಿ ಓಡಿಸಿ, ಮತ್ತೆ ಅದೇ ಜಾಗ, ಅದೇ ಬಿಸಿ, ಅದೇ ನಲವತ್ತು ನಿಮಿಷ. ಒಳಗೆ ಅಂಟಿಕೊಂಡು ಉಳಿಯುವುದು, ಫಿಲ್ಟರ್ ಕುಡಿದದ್ದು, ಎರಡು ಸಲವೂ ಅಷ್ಟೇ. ಹಾಕಿದ್ದರಲ್ಲಿ ಬಂದದ್ದನ್ನು ಕಳೆದರೆ ಸುಟ್ಟಿದ್ದು ಸಿಕ್ಕಿತು.

ಮೊದಲ ಸಲ ಮನೆಯಲ್ಲೇ ಮಾಡಿ ಕೆಟ್ಟೆ. 610 ಗ್ರಾಂ ಕಮ್ಮಿ ಬಂತು, ಖುಷಿಯಿಂದ ಚೀಟಿ ತಗೊಂಡು ಹೋದೆ. "ನೀವೇ ಬಿಚ್ಚಿದ್ದೀರಿ, ನೀವೇ ತೂಗಿದ್ದೀರಿ, ಇದನ್ನು ನಾವು ಹೇಗೆ ಒಪ್ಪೋದು ಸರ್?" ಅಂದರು. ಸರಿಯೇ. ಗಿರಾಕಿ ತನ್ನ ಮನೆಯಲ್ಲಿ ತೂಗಿಕೊಂಡು ಬಂದು ಸಕ್ಕರೆ ಕಮ್ಮಿ ಇದೆ ಅಂದರೆ ನಾನೂ ಒಪ್ಪುತ್ತಿರಲಿಲ್ಲ.

ಹಾಗಾಗಿ ಎರಡನೇ ಸಲ ತಕ್ಕಡಿಯನ್ನೇ ಅಲ್ಲಿಗೆ ಒಯ್ದೆ. ಅದಕ್ಕೂ ಮೊದಲು ಒಂದು ಮೇಲ್ ಹಾಕಿದೆ. ಒಂದೇ ಪ್ರಶ್ನೆ: ಈ ಎಂಜಿನ್‌ಗೆ ಕಂಪನಿ ಒಪ್ಪುವ ಆಯಿಲ್ ಖರ್ಚು ಎಷ್ಟು, ಲಿಖಿತವಾಗಿ ತಿಳಿಸಿ. ಬಾಯಲ್ಲಿ ಒಂದು ಲೀಟರ್ ಅಂದವರು ಬರವಣಿಗೆಯಲ್ಲಿ ಅರ್ಧ ಲೀಟರ್ ಅಂದರು. ಆ ಉತ್ತರ ಬರಲು ಮೂರು ವಾರ ಆಯಿತು. ಮೇಲ್‌ನಲ್ಲಿ ನಾನು ಇನ್ನೊಂದು ಸಾಲು ಸೇರಿಸಿದ್ದೆ, ಅದಕ್ಕೇ ಅವರು ಉತ್ತರ ಕೊಡಲೇಬೇಕಾಯಿತು. ಆ ಸಾಲು ಇಲ್ಲಿ ಬರೆಯುವುದಿಲ್ಲ. ಅವರೂ ಓದುತ್ತಿರಬಹುದು.

ಸರ್ವಿಸ್ ಬೇನಲ್ಲಿ ತಕ್ಕಡಿ ಇಟ್ಟಾಗ ಹುಡುಗರೆಲ್ಲ ಸೇರಿಬಿಟ್ಟರು. ವರ್ಕ್ಸ್ ಮ್ಯಾನೇಜರ್ ಬಂದು "ನಿಮ್ಮ ತಕ್ಕಡಿ ಸರಿ ಇದೆ ಅನ್ನೋದಕ್ಕೆ ಏನು ಗ್ಯಾರಂಟಿ?" ಅಂದರು. ಈ ಪ್ರಶ್ನೆಗೇ ಕಾಯುತ್ತಿದ್ದೆ. ತೂಕ ಮತ್ತು ಅಳತೆ ಇಲಾಖೆಯವರು ಪ್ರತಿವರ್ಷ ಬಂದು ಸೀಲು ಹಾಕುತ್ತಾರಲ್ಲ, ಆ ಸರ್ಟಿಫಿಕೇಟ್ ತೆಗೆದು ಬಾನೆಟ್ ಮೇಲಿಟ್ಟೆ. ಸೀಲಿರುವ ಎರಡು ಕೆ.ಜಿ. ಕಬ್ಬಿಣದ ಕಲ್ಲನ್ನೂ ತಂದಿದ್ದೆ. ತಟ್ಟೆ ಮೇಲಿಟ್ಟರೆ ಸರಿಯಾಗಿ 2.000. "ಇದರಲ್ಲೇ ಊರಿನವರು ಅಕ್ಕಿ ಬೇಳೆ ತಗೊಂಡು ಹೋಗ್ತಾರೆ ಸ್ವಾಮಿ" ಅಂದೆ. ಅವರು ಮಾತಾಡಲಿಲ್ಲ. ಜಾಬ್ ಕಾರ್ಡ್ ಮೇಲೆ ತೂಕ ಬರೆದು ಸಹಿ ಹಾಕಿದರು.

ಹಾಕಿದ್ದು 2,900 ಗ್ರಾಂ. ಡ್ರೈನ್ ಬೋಲ್ಟ್, ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಮೂರಕ್ಕೂ ಅವರ ಪೇಂಟ್ ಗುರುತು, ಅದರ ಮೇಲೆ ನಮ್ಮ ಮನೆಯವರ ನೇಲ್ ಪಾಲಿಶ್. ಇನ್ನೊಂದು ಕಡೆಯೂ ಗುರುತು ಇಟ್ಟಿದ್ದೆ. ಎಲ್ಲಿ ಅಂತ ಕೇಳಬೇಡಿ. ತಿಪಟೂರು ಬೆಂಗಳೂರು ಮೂರು ಸಲ ಹೋಗಿ ಬಂದು, ಉಳಿದ ನೂರು ಚಿಲ್ಲರೆಗೆ ಅರಸೀಕೆರೆ ಕಡೆ ಎರಡು ಸುತ್ತು. ಒಟ್ಟು 1,012 ಕಿ.ಮೀ. ಅದಕ್ಕೆ ಪೆಟ್ರೋಲ್ ಆರು ಸಾವಿರ ಹತ್ತಿರ ಆಗಿರಬೇಕು.

ಕಪ್ಪು ಆಯಿಲ್ ಹಗ್ಗದ ಹಾಗೆ ಇಳಿದು, ನೂಲಾಗಿ, ಆಮೇಲೆ ತೊಟ್ಟಿಕ್ಕುವುದಕ್ಕೆ ಶುರುವಾಯಿತು. ನಲವತ್ತು ನಿಮಿಷ ನಾನು, ಅಡ್ವೈಸರ್ ಹುಡುಗ, ಮ್ಯಾನೇಜರ್ ಮೂರೂ ಜನ ತಟ್ಟೆಯನ್ನೇ ನೋಡುತ್ತಾ ನಿಂತೆವು. ಪಾತ್ರೆಯ ತೂಕ ಕಳೆದು ಬಂದದ್ದು 2,310. ಅಂದರೆ 590 ಗ್ರಾಂ ಮಾಯ, ಏಳುನೂರು ಎಂ.ಎಲ್. ಹತ್ತಿರ. ಅವರದೇ ಬರವಣಿಗೆಯ ಮಿತಿ ಐನೂರು. ಹುಡುಗ ಮೊಬೈಲಿನಲ್ಲಿ ಭಾಗಾಕಾರವನ್ನು ಎರಡೆರಡು ಸಲ ಮಾಡಿದ.

ಅಷ್ಟಕ್ಕೇ ಮುಗಿಯಲಿಲ್ಲ. ಹತ್ತು ದಿನ ಬಿಟ್ಟು "ಗುಡ್‌ವಿಲ್ ಅಂತ ಮಾಡಿಕೊಡುತ್ತೇವೆ, ಪಾರ್ಟ್ಸ್ ಅರ್ಧ ನಿಮ್ಮದು" ಅಂತ ಫೋನ್ ಬಂತು. ನನ್ನ ಪಾಲು ಇಪ್ಪತ್ತೈದು ಸಾವಿರ ಚಿಲ್ಲರೆ. ಭಾವ, ಗ್ಯಾರೇಜ್ ಭಾಯ್ ಎಲ್ಲರೂ ಒಪ್ಪಿಕೊಂಡುಬಿಡು ಅಂದರು. ನಾನು ಒಪ್ಪಲಿಲ್ಲ. ಗುಡ್‌ವಿಲ್ ಅಂದರೆ ಅವರು ದಯೆ ತೋರಿಸಿದ ಹಾಗೆ. ದೋಷ ಇತ್ತು ಅಂತ ಎಲ್ಲೂ ದಾಖಲಾಗುವುದಿಲ್ಲ, ನಾಳೆ ಮತ್ತೆ ಕೆಟ್ಟರೆ ಕೇಳುವ ಹಾಗಿಲ್ಲ.

1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ. ವಕೀಲರ ಕೈಲಿ ನೋಟಿಸ್ ಕೊಡಿಸಿದೆ, ಎರಡೂವರೆ ಸಾವಿರ. ಫೋನಿನಲ್ಲಿ ಕಂಪನಿಯವರು "ಕೇಸ್ ಹಾಕೋದಾದರೆ ನಮ್ಮ ಹೆಡ್ ಆಫೀಸ್ ಇರುವ ಊರಿಗೆ ಬರಬೇಕಾಗುತ್ತೆ" ಅಂತ ಹೆದರಿಸಿ ನೋಡಿದರು. ಅದು ಹಳೆ ಕಾಲ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಹಾಕಬಹುದು. ನನಗೆ ತುಮಕೂರು, ಎಪ್ಪತ್ತು ಚಿಲ್ಲರೆ ಕಿ.ಮೀ. ಕೊಟ್ಟ ಬೆಲೆ ಐದರಿಂದ ಹತ್ತು ಲಕ್ಷದ ಒಳಗಿದ್ದರೆ ಫೀಸು ಇನ್ನೂರು ರೂಪಾಯಿ. ತಕರಾರು ಹುಟ್ಟಿ ಎರಡು ವರ್ಷದೊಳಗೆ ಹಾಕಬೇಕು, ಅದೊಂದು ನೆನಪಿರಲಿ. ದೋಷ ಇದೆಯೋ ಇಲ್ಲವೋ ಅಂತ ಪರೀಕ್ಷೆಗೆ ಕಳಿಸಿ ಅಂತಲೂ ಆಯೋಗವನ್ನು ಕೇಳಬಹುದು. ದೂರಿನ ಕರಡು, ಸಹಿ ಇರುವ ಎರಡೂ ಜಾಬ್ ಕಾರ್ಡ್, ತಕ್ಕಡಿಯ ಸರ್ಟಿಫಿಕೇಟ್, ಆಯಿಲ್ ಬಿಲ್ಲುಗಳು, ಎಲ್ಲ ಒಂದೇ ಪಿಡಿಎಫ್ ಮಾಡಿ, "ಮುಂದಿನ ಸೋಮವಾರ ಹಾಕುತ್ತೇನೆ" ಅಂತ ಕಳಿಸಿದೆ.

ಶುಕ್ರವಾರ ಕಂಪನಿಯ ಏರಿಯಾ ಎಂಜಿನಿಯರ್ ಬಂದರು. ಒಳ್ಳೆಯ ಮನುಷ್ಯ. ತಕ್ಕಡಿ ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು. ಎಂಜಿನ್ ಬಿಚ್ಚಿದ ದಿನ ನನ್ನನ್ನೂ ಕರೆಸಿದರು. ಎರಡನೇ ಪಿಸ್ಟನ್ ಕೈಗೆ ಕೊಟ್ಟು "ನೀವೇ ನೋಡಿ" ಅಂದರು. ಮೇಲಿನ ಎರಡು ರಿಂಗ್ ಬೆರಳಿಗೆ ಸಲೀಸಾಗಿ ತಿರುಗಿದವು. ಮೂರನೆಯದನ್ನು ಉಗುರು ಹಾಕಿ ಒತ್ತಿದರೂ ಅಲ್ಲಾಡಲಿಲ್ಲ. ಆಯಿಲ್ ವಾಪಸ್ ಇಳಿಯುವ ಸಣ್ಣ ತೂತುಗಳೆಲ್ಲ ತಳ ಹಿಡಿದ ಪಾತ್ರೆಯ ಹಾಗೆ ಕರಕಾಗಿ ಮುಚ್ಚಿಹೋಗಿದ್ದವು.

ಮೂರೂ ಪಿಸ್ಟನ್, ರಿಂಗ್ ಸೆಟ್, ಹೆಡ್ ಗ್ಯಾಸ್ಕೆಟ್, ಲೇಬರ್. ಹೊರಗೆ ಮಾಡಿಸಿದ್ದರೆ ಐವತ್ತು ಸಾವಿರಕ್ಕೆ ಕಮ್ಮಿ ಇರಲಿಲ್ಲ. ಜಾಬ್ ಕಾರ್ಡಿನಲ್ಲಿ ವಾರಂಟಿ ಅಂತಲೇ ಬರೆಸಿಕೊಂಡೆ, ನಾನು ಕೊಟ್ಟಿದ್ದು ಸೊನ್ನೆ. ಟಾಪ್ ಅಪ್ ಆಯಿಲ್ ದುಡ್ಡು ಕೊಡಲಿಲ್ಲ. ಅದಕ್ಕೆ ಮತ್ತೆ ಜಗಳ ತೆಗೆಯುವ ಶಕ್ತಿ ನನಗೂ ಇರಲಿಲ್ಲ. ಆಯಿಲ್, ಫ್ಲಶ್, ಅಡಿಟಿವ್, ಕ್ಯಾಮೆರಾ, ನೋಟಿಸ್, ಎಲ್ಲ ಸೇರಿ ಕೈಯಿಂದ ಹದಿನೇಳು ಹದಿನೆಂಟು ಸಾವಿರ ಹೋಗಿರಬಹುದು. ಪೆಟ್ರೋಲ್, ಬಾಣಲೆ ಬೇರೆ.

ರಿಪೇರಿ ಆದ ಮೇಲೆ ಮೊದಲ ಸಾವಿರಕ್ಕೆ ನೂರು ಗ್ರಾಂ ಚಿಲ್ಲರೆ ಇಳಿಯಿತು, ಹೊಸ ರಿಂಗ್ ಕೂರುವವರೆಗೆ ಅಷ್ಟು ಇದ್ದೇ ಇರುತ್ತದೆ. ಈಗ ಮೂವತ್ತು ನಲವತ್ತು ಗ್ರಾಂ. ಇದುವರೆಗೆ ಬೇರೆಯವರ ಐದು ಕಾರು ತೂಗಿದ್ದೇನೆ. ಅದರಲ್ಲಿ ಎರಡಕ್ಕೆ ರೋಗವೇ ಇರಲಿಲ್ಲ, ಒಂದು ಬರೀ ಫಿಲ್ಟರ್ ಬುಡದಲ್ಲಿ ಸೋರುತ್ತಿತ್ತು. ಭಾವನ ಕಾರು ಬರುವ ಭಾನುವಾರ. ಅಂಗಡಿ ತಕ್ಕಡಿ ಕೊಡುವುದಿಲ್ಲ ಅಂತ ಮನೆಯವರು ಹೇಳಿಬಿಟ್ಟಿದ್ದಾರೆ, ಹೋದ ವಾರ ಒಬ್ಬರು ಸಕ್ಕರೆಗೆ ಆಯಿಲ್ ವಾಸನೆ ಅಂತ ವಾಪಸ್ ತಂದರಂತೆ. ಹಾಗಾಗಿ ಹಳೆ ತಕ್ಕಡಿ ಒಂದನ್ನು ಸೀಲಿಗೆ ಕಳಿಸಿದ್ದೇನೆ.