ಸೀಲ್ ಹಾಗೇ ಇರುತ್ತದೆ, ಬಾಗಿಲು ತೆರೆದಿರುತ್ತದೆ: ಕಾಫಿ ಕಂಟೇನರ್ ಕಾಯುವ ನನ್ನ ಅನುಭವ

ಹುಣಸೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜದ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕಾರ್ಖಾನೆ) ಲೋಡಿಂಗ್ ಮತ್ತು ಡಿಸ್ಪ್ಯಾಚ್ ನನ್ನ ಜವಾಬ್ದಾರಿ. 20 ಅಡಿ ಕಂಟೇನರ್‌ಗೆ 60 ಕಿಲೋದ 320 ಗೋಣಿಚೀಲ ತುಂಬುತ್ತೇವೆ. ಅಂದರೆ 19 ಟನ್ನಿಗೂ ಸ್ವಲ್ಪ ಜಾಸ್ತಿ. ಇಲ್ಲಿಂದ ಕುಶಾಲನಗರ, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ದಾಟಿ ಪಣಂಬೂರಿನ ಬಂದರಿಗೆ ಹೋಗಬೇಕು. ದಾರಿಯಲ್ಲಿ ಹತ್ತು ಚೀಲ ಇಳಿಸಿ ಅಷ್ಟೇ ತೂಕದ ಮಣ್ಣು ತುಂಬಿಟ್ಟರೆ ತೂಕದಲ್ಲೂ ಸಿಕ್ಕಿಬೀಳುವುದಿಲ್ಲ. ಖರೀದಿದಾರ ತನ್ನ ಗೋಡೌನ್‌ನಲ್ಲಿ ಬಾಗಿಲು ತೆಗೆದಾಗಲೇ ಗೊತ್ತಾಗುವುದು.

ಬಾಗಿಲಿನ ಹಿಡಿಗೆ ಹಾಕುವ, ಕತ್ತರಿಸದೆ ತೆಗೆಯಲಾಗದ ನಂಬರಿನ ಬೋಲ್ಟ್ ಸೀಲ್ ಇದೆಯಲ್ಲ ಅನ್ನುತ್ತಾರೆ. ಇದೆ, ಗಟ್ಟಿಯಾಗಿಯೂ ಇದೆ. ಸೀಲ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17712 ಪ್ರಕಾರ ಹೈ ಸೆಕ್ಯುರಿಟಿ ಸೀಲ್ ಮೇಲೆ ಎಚ್ ಅಂತ ಅಚ್ಚಿರಬೇಕು. ಅದನ್ನು ಕತ್ತರಿಸಲು ದೊಡ್ಡ ಕಟರ್ ಬೇಕು. ಆದರೆ ಅನುಭವಿ ಕಳ್ಳ ಸೀಲ್ ಮುಟ್ಟುವುದೇ ಇಲ್ಲ. ಬಾಗಿಲಿನ ಹಿಡಿಯನ್ನು, ಬಾಗಿಲು ಭದ್ರ ಮಾಡುವ ಉದ್ದನೆಯ ರಾಡಿಗೆ ಹಿಡಿದಿಟ್ಟಿರುವ ರಿವೆಟ್ ಕೊರೆದು ತೆಗೆಯುತ್ತಾನೆ. ಹಿಡಿ, ಸೀಲ್ ಎರಡೂ ಪಕ್ಕಕ್ಕೆ ಬರುತ್ತವೆ. ಕೆಲಸ ಮುಗಿದ ಮೇಲೆ ಹೊಸ ರಿವೆಟ್ ಹೊಡೆದು ಬಣ್ಣ ಬಳಿದರೆ ಆಯಿತು. ಸೀಲ್ ನಂಬರ್ ಸರಿಯಾಗಿಯೇ ಇರುತ್ತದೆ, ಕಾಗದವೂ ಸರಿ, ಒಳಗೆ ಮಾಲು ಮಾತ್ರ ಇರುವುದಿಲ್ಲ!

2017ರಲ್ಲಿ ಕಸ್ಟಮ್ಸ್‌ನವರು ತಂದ ಆರ್‌ಎಫ್‌ಐಡಿ ಇ-ಸೀಲ್ (ರೇಡಿಯೋ ಅಲೆಯಿಂದ ಓದುವ ಚಿಪ್ ಇರುವ ಸೀಲ್) ಕೂಡ ಇದಕ್ಕೆ ಉತ್ತರ ಅಲ್ಲ. ಅದರಲ್ಲಿ ಬ್ಯಾಟರಿ ಇಲ್ಲ. ಬಂದರಿನಲ್ಲಿ ರೀಡರ್ ಹಿಡಿದಾಗ ಸೀಲ್ ಮುರಿದಿದೆಯೋ ಇಲ್ಲವೋ ಹೇಳುತ್ತದೆ, ಅಷ್ಟೇ. ರಾತ್ರಿ ಎರಡು ಗಂಟೆಗೆ ಲಾರಿ ಎಲ್ಲಿ ನಿಂತಿತ್ತು ಅಂತ ಅದಕ್ಕೆ ಗೊತ್ತಿಲ್ಲ.

ಲಾರಿಯಲ್ಲಿರುವ ಜಿಪಿಎಸ್‌ಗೆ ಅದು ಗೊತ್ತು, ಬಾಗಿಲಿನ ಸುದ್ದಿ ಗೊತ್ತಿಲ್ಲ. ಹಾಗಾಗಿ ನಾವು ಬಾಗಿಲಿಗೇ ಕಾವಲು ಹಾಕಿದೆವು. ಎರಡೂ ಬಾಗಿಲುಗಳ ಹೊರಗೆ, ನಡುವಿಗೆ ಹತ್ತಿರ ಇರುವ ರಾಡುಗಳನ್ನು ಸೇರಿಸಿ ಸುತ್ತುವ ಉಕ್ಕಿನ ಕೇಬಲ್ ಇರುವ ಜಿಪಿಎಸ್ ಬೀಗ. ಹಿಡಿ ಕಳಚಿದರೂ ಕೇಬಲ್ ಇರುವವರೆಗೆ ಬಾಗಿಲು ತೆರೆಯಲು ಆಗುವುದಿಲ್ಲ. ಕೇಬಲ್ ಕತ್ತರಿಸಿದರೆ, ನೆಟ್‌ವರ್ಕ್ ಇರುವ ಕಡೆ ತಕ್ಷಣ ಫೋನಿಗೆ ಅಲಾರಂ ಬರುತ್ತದೆ. ಬೀಗ ತೆಗೆಯುವ ಕೋಡ್ ಡ್ರೈವರ್ ಬಳಿ ಇರುವುದಿಲ್ಲ. ಬಂದರಿನಲ್ಲಿ ನಮ್ಮ ಏಜೆಂಟರ ಫೋನಿಗೆ ಮಾತ್ರ ಹೋಗುತ್ತದೆ.

ಕಂಟೇನರ್ ಒಳಗೆ ಇಡುವ ಚಿಕ್ಕ ಟ್ರ್ಯಾಕರ್ ಕೂಡ ನೋಡಿದೆವು. ಸುತ್ತಲೂ ಉಕ್ಕು, ಒಳಗಿಂದ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಬೆಳಕು ಬಿದ್ದರೆ ಎಚ್ಚರಿಸುವ ಸೆನ್ಸರ್ ಇದೆ ಅಂತ ಮಾರುವವರು ಹೇಳಿದರು. ಕತ್ತಲಲ್ಲಿ ಬಾಗಿಲು ತೆರೆದರೆ? ಕಳ್ಳತನ ಮಾಡುವವರು ಬೆಳಗ್ಗೆ ಹತ್ತಕ್ಕೆ ಬರುತ್ತಾರಾ? ಅದನ್ನು ಬಿಟ್ಟೆವು.

ನಿಜವಾದ ತಲೆನೋವು ಘಾಟಿಯದ್ದು. ಮಡಿಕೇರಿ ಬಿಟ್ಟು ಜೋಡುಪಾಲ, ಕೊಯನಾಡು ಕಡೆ ಇಳಿಯುವಾಗ ನೆಟ್‌ವರ್ಕ್ ಬಂದು ಬಂದು ಹೋಗುತ್ತದೆ. ಮೊದಮೊದಲು ಮ್ಯಾಪಿನಲ್ಲಿ ಲಾರಿ ಮಾಯವಾದಾಗೆಲ್ಲ ಡ್ರೈವರ್‌ಗೆ ಫೋನ್ ಮಾಡುತ್ತಿದ್ದೆವು, ಅದೂ ಹೋಗುತ್ತಿರಲಿಲ್ಲ. ಬೀಗ ಸುಮ್ನೆ ಕೂತಿರುವುದಿಲ್ಲ. ನೆಟ್‌ವರ್ಕ್ ಇಲ್ಲದಾಗ ಜಾಗ, ಹೊತ್ತು ಎಲ್ಲವನ್ನೂ ತನ್ನಲ್ಲೇ ಉಳಿಸಿಕೊಂಡು, ಸಿಕ್ಕಿದ ಕೂಡಲೇ ಕಳಿಸುತ್ತದೆ. ಅಂದರೆ ಕೇಬಲ್ ಕತ್ತರಿಸಿದ ಸುದ್ದಿಯೂ ತಡವಾಗಿ ಬರಬಹುದು. ಅದಕ್ಕೆ ಒಂದು ಋತುವಿನ ಓಡಾಟವನ್ನೆಲ್ಲ ನೋಡಿ, ಘಾಟಿ ಇಳಿಯಲು ಮಾಮೂಲಿ ಎಷ್ಟು ಹೊತ್ತು ಬೇಕು ಅಂತ ಹಿಡಿದೆವು. ಮಳೆಗಾಲಕ್ಕೆ ಬೇರೆ ಲೆಕ್ಕ. ಆ ಹೊತ್ತು ಮೀರಿದರೂ ಸುಳ್ಯದ ಕಡೆ ಚುಕ್ಕಿ ಕಾಣದಿದ್ದರೆ ಮಾತ್ರ ಟ್ರಾನ್ಸ್‌ಪೋರ್ಟ್‌ನವರನ್ನು ಎಬ್ಬಿಸುತ್ತೇವೆ. ಊಟಕ್ಕೆ ನಿಲ್ಲುವ ಜಾಗಗಳನ್ನೂ ಡ್ರೈವರ್‌ಗಳನ್ನೇ ಕೇಳಿ ಗುರುತು ಮಾಡಿದೆವು. ಅಲ್ಲಿ ನಿಂತರೆ ಅಲಾರಂ ಇಲ್ಲ.

ಡ್ರೈವರ್‌ಗಳಿಗೆ ಮೊದಲು ಇದು ಇಷ್ಟವಾಗಲಿಲ್ಲ. "ಏನ್ ಸಾರ್, ನಮ್ಮನ್ನ ಕಳ್ಳರು ಅಂದ್ಕೊಂಡ್ರಾ?" ಅಂತ ಒಬ್ಬರು ಮುಖಕ್ಕೆ ಕೇಳಿದರು. ಒಮ್ಮೆ ಖರೀದಿದಾರರಿಂದ ಚೀಲ ಕಡಿಮೆ ಅಂತ ದೂರು ಬಂತು. ಬೀಗದ ದಾಖಲೆ ತೆಗೆದೆ. ಬಂದರಿನವರೆಗೆ ಬಾಗಿಲು ಅಲುಗಿರಲಿಲ್ಲ. ಹಿಂದಿನ ಕಾಲವಾಗಿದ್ದರೆ ಬಾಡಿಗೆ ತಡೆಹಿಡಿದು ಡ್ರೈವರ್ ಮೇಲೆ ಹಾಕುತ್ತಿದ್ದರು. ಆಮೇಲೆ, ಹಾಗೆ ಮುಖಕ್ಕೆ ಕೇಳಿದ್ದ ಅಣ್ಣ ಲೋಡ್ ಆದ ಕೂಡಲೇ ಬೀಗದ ಚಾರ್ಜ್ ಎಷ್ಟಿದೆ ಅಂತ ತಾವೇ ವಿಚಾರಿಸುತ್ತಾರೆ.

ಇಷ್ಟೆಲ್ಲದರ ಜೊತೆಗೆ ನಾನು ಬಿಡದ ಒಂದು ಅಗ್ಗದ ಉಪಾಯ ಇದೆ, ಉಗುರು ಬಣ್ಣ. ಹಿಡಿಯ ರಿವೆಟ್, ಹಿಂಜಿನ ಬೋಲ್ಟ್‌ಗಳ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದು, ಕಂಟೇನರ್ ನಂಬರ್ ಕಾಣುವ ಹಾಗೆ ಫೋಟೋ ತೆಗೆಯುತ್ತೇವೆ. ಬೋಲ್ಟ್ ತಿರುಗಿಸಿದ್ದರೆ ಗೆರೆ ಮುರಿಯುತ್ತದೆ. ಪ್ರತಿ ಸಲ ಬಣ್ಣ ಬದಲಿಸುತ್ತೇವೆ. ಅಂಗಡಿಯವರಿಗೆ ಇನ್ನೂ ನಮ್ಮ ಮೇಲೆ ಅನುಮಾನ ಹೋಗಿಲ್ಲ.

ಬಂದರಿನಲ್ಲಿ ಜಿಪಿಎಸ್ ಬೀಗ ಬಿಚ್ಚಿ, ಖಾಲಿ ಕಂಟೇನರ್ ತರುವ ಲಾರಿಯಲ್ಲಿ ವಾಪಸ್ ತರಿಸುತ್ತೇವೆ. ಅದನ್ನು ಹಡಗಿನಲ್ಲಿ ಕಳಿಸಿದರೆ ಮತ್ತೆ ಕೈಗೆ ಸಿಗುವುದು ಕಷ್ಟ. ಅಲ್ಲಿಂದಾಚೆ ಬೋಲ್ಟ್ ಸೀಲ್ ಮತ್ತು ಉಗುರು ಬಣ್ಣವೇ ಗತಿ. ಅದಕ್ಕೇ ಈಗ ಖರೀದಿದಾರರಿಗೆ ಒಂದು ಷರತ್ತು ಹಾಕಿದ್ದೇವೆ. ಸೀಲ್ ಕತ್ತರಿಸುವ ಮುಂಚೆ ಸೀಲ್, ರಿವೆಟ್, ಹಿಂಜುಗಳ ಫೋಟೋ ಕಳಿಸಬೇಕು. ಕಳಿಸದಿದ್ದರೆ ಚೀಲ ಕಡಿಮೆ ಬಂತು ಅನ್ನುವ ದೂರನ್ನು ತೆಗೆದುಕೊಳ್ಳುವುದಿಲ್ಲ.