ಕೋಳಿ ಕೈಮವೋ, ಹಂದಿ ಕೈಮವೋ? ಉಂಡೆ ಒಡೆಯುವ ಮುನ್ನ ಓದಿ

ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಅಣ್ಣನ ಮಗಳ ಫೋನು. "ಅತ್ತೆ, ಹಾಕಿದ ಉಂಡೆಯೆಲ್ಲ ಸಾರಲ್ಲೇ ಕರಗಿ ಹೋಯ್ತು. ಪಾತ್ರೆ ತುಂಬ ಗಂಜಿ ಥರ ಏನೋ ಇದೆ. ನೆಂಟರು ಗೇಟಿನ ಹತ್ರ ಬಂದಾಯ್ತು!" ವಿಚಾರಿಸಿದರೆ, ನಾನು ಬರೆದುಕೊಟ್ಟ ಹಂದಿ ಕೈಮ ಉಂಡೆಯ ಅಳತೆಯನ್ನೇ ಇಟ್ಟುಕೊಂಡು, ಹಂದಿಯ ಬದಲು ಕೋಳಿ ಕೈಮ ಹಾಕಿದ್ದಾಳೆ. ಆರೋಗ್ಯಕ್ಕೆ ಒಳ್ಳೆಯದಂತೆ.

ಇದು ಅವಳೊಬ್ಬಳ ಕತೆಯಲ್ಲ. ಒಂದು ಮಾಂಸದ ಜಾಗಕ್ಕೆ ಇನ್ನೊಂದನ್ನು ಸುಮ್ಮನೆ ತಂದು ಕೂರಿಸಿ ಕೈಸುಟ್ಟುಕೊಂಡವರನ್ನು ನಾನು ತುಂಬ ನೋಡಿದ್ದೇನೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯಲ್ಲೂ ಇದೇ ಚರ್ಚೆ, ಅಲ್ಲಿ ಅದು ದನದ ಕೈಮವೋ ಟರ್ಕಿ ಕೋಳಿಯ ಕೈಮವೋ ಅಂತ. ಅಲ್ಲಿನ ಪೊಟ್ಟಣದ ಮೇಲೆ 93/7, 85/15, 80/20 ಎಂದು ಬರೆದಿರುತ್ತದೆ. ಮೊದಲನೆಯದು ನೆಣವಿಲ್ಲದ ಮಾಂಸದ ಪಾಲು, ಎರಡನೆಯದು ನೆಣದ ಪಾಲು. 85/15ರ ಟರ್ಕಿ ಕೊಂಡು ತಂದು "ನಾವು ನೆಣ ಬಿಟ್ಟಿದ್ದೇವೆ" ಅಂದರೆ ನಗು ಬರುತ್ತದೆ. ಅದಕ್ಕಿಂತ 90/10ರ ದನದ ಕೈಮದಲ್ಲೇ ನೆಣ ಕಡಿಮೆ. ಕೋಳಿಯೋ ದನವೋ ಅನ್ನುವ ಮೊದಲು ನೆಣ ಎಷ್ಟು ಅಂತ ನೋಡಬೇಕು. ನಮ್ಮ ಅಂಗಡಿಗಳಲ್ಲಿ ಅಂಥ ಚೀಟಿ ಇರುವುದಿಲ್ಲವಾದ್ದರಿಂದ ಕಣ್ಣೇ ಅಳತೆಗೋಲು.

ಮೊದಲು ಅಡುಗೆ, ಆಮೇಲೆ ಮಾಂಸ

ಉಂಡೆ ಸಾರಿಗೆ ಹಂದಿ ಅಥವಾ ಮಟನ್. ಕಟ್ಲೆಟ್, ಸಮೋಸ, ಪಫ್ ಒಳಗಿನ ಹೂರಣಕ್ಕೆ ಕೋಳಿ. ಅಕ್ಕಿ ರೊಟ್ಟಿ ಜೊತೆ ಒಣಗಿಸಿ ಹುರಿದುಕೊಳ್ಳುವುದಾದರೆ ಯಾವುದಾದರೂ ಆದೀತು, ನನಗೆ ಹಂದಿಯೇ ಇಷ್ಟ. ಮನೆಗೆ ಬರುವವರು ಯಾರು ಅಂತಲೂ ಯೋಚಿಸಿ. ಹಂದಿ ತಿನ್ನದ ಸ್ನೇಹಿತರಿದ್ದರೆ ಕೋಳಿ ಅಥವಾ ಮಟನ್ ತನ್ನಿ, ಒಂದೇ ಸೌಟಿನಲ್ಲಿ ಎರಡು ಪಾತ್ರೆ ತಿರುವಬೇಡಿ. ಮಟನ್ ರುಚಿ, ಆದರೆ ಬೆಲೆ ಕೇಳಿದರೆ ವಾರವಾರ ಮಾಡುವ ಮಾತಿಲ್ಲ. ಹಾಗಾಗಿ ಇಲ್ಲಿ ಹೆಚ್ಚು ಹೇಳುವುದು ಕೋಳಿ, ಹಂದಿಗಳ ಬಗ್ಗೆಯೇ.

ಅಂಗಡಿಯಲ್ಲಿ ಹತ್ತು ನಿಮಿಷ

ಅಡುಗೆ ಅರ್ಧ ಕೆಡುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಚ್ಚಿಟ್ಟ ಕೈಮ ಕೊಳ್ಳಬೇಡಿ. ತಟ್ಟೆಯಲ್ಲಿ ಗುಡ್ಡೆ ಹಾಕಿಟ್ಟದ್ದರಲ್ಲಿ ಏನೇನಿದೆ ಅಂತ ನಿಮಗೂ ಗೊತ್ತಾಗದು, ಕೆಲವು ಸಲ ಮಾರುವ ಹುಡುಗನಿಗೂ ಗೊತ್ತಿರದು. ಇಡೀ ತುಂಡು ತೋರಿಸಿ, ತೂಗಿಸಿ, ನಿಮ್ಮ ಎದುರೇ ಕೊಚ್ಚಿಸಿ. ತುಂಡಾಗಿದ್ದಾಗ ಹೆಚ್ಚಾಗಿ ಮಾಂಸದ ಹೊರಮೈಯಲ್ಲೇ ಇರುವ ಕ್ರಿಮಿಗಳು ಕೊಚ್ಚಿದಾಗ ಒಳಗೆಲ್ಲ ಹರಡುತ್ತವೆ. ಹಾಗಾಗಿ ಕೊಚ್ಚಿದ ಮೇಲೆ ಹೊತ್ತು ಕಳೆದಷ್ಟೂ ಕೈಮ ಕೆಡುತ್ತದೆ.

ಕೋಳಿಯಾದರೆ ಎದೆಮಾಂಸ ಬೇಡ. ಬೋನ್‌ಲೆಸ್ ಅಂದ ತಕ್ಷಣ ಬೆಳ್ಳನೆಯ ಎದೆ ತುಂಡು ಎತ್ತಿ ಕೊಡುತ್ತಾರೆ. ನೋಡಲು ಚೆಂದ, ಕೈಮಕ್ಕೆ ಮಾತ್ರ ದಂಡ. ಅದರಲ್ಲಿ ನೆಣ ಇಲ್ಲವೆನ್ನುವಷ್ಟು ಕಡಿಮೆ. ಬಿಸಿ ತಾಗಿದಾಗ ಮಾಂಸದ ಎಳೆಗಳು ಮುದುರಿ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ನೆಣವಿದ್ದರೆ ಅದು ಕರಗಿ ಆ ಒಣಕಲನ್ನು ಸ್ವಲ್ಪ ಮುಚ್ಚುತ್ತದೆ, ಇಲ್ಲದಿದ್ದರೆ ರಬ್ಬರು. ತೊಡೆ ಮಾಂಸ ಬಿಡಿಸಿಕೊಡಿ ಅನ್ನಿ. ಮೂಳೆ ಬಿಡಿಸಲು ಸ್ವಲ್ಪ ಗೊಣಗುತ್ತಾರೆ, ಗೊಣಗಲಿ. ಚರ್ಮ ಸೇರಿಸಿ ಕೊಚ್ಚುವ ಅಂಗಡಿಗಳೂ ಇವೆ. ಅದರಿಂದ ಒಣಗುವುದು ತಪ್ಪುತ್ತದೆ ನಿಜ, ಆದರೆ ನೀವು ಕೋಳಿ ಆರಿಸಿದ್ದೇ ನೆಣ ತಪ್ಪಿಸಲು ಎಂದಾದರೆ ಆ ಲೆಕ್ಕವೇ ತಲೆಕೆಳಗು.

ಹಂದಿಯಾದರೆ ಹೆಗಲ ಮಾಂಸ ಕೇಳಿ. ಐದು ಪಾಲಿನಲ್ಲಿ ಒಂದು ಪಾಲು ನೆಣ ಇರಬೇಕು, ಅಂದರೆ ಅರ್ಧ ಕಿಲೋಗೆ 100 ಗ್ರಾಂ. "ಅಕ್ಕ, ನೆಣ ಪೂರ್ತಿ ತೆಗೀಲಾ?" ಅಂತ ಅಂಗಡಿಯವರು ಕೇಳಿದರೆ ದೊಡ್ಡಸ್ತಿಕೆಗೆ ಹೂಂ ಅನ್ನಬೇಡಿ. ಬರೀ ಹೊಟ್ಟೆಯ ಭಾಗ ತಂದರೂ ಕಷ್ಟ, ಸಾರಿನ ಮೇಲೆ ಬೆರಳುದ್ದ ಎಣ್ಣೆ ನಿಲ್ಲುತ್ತದೆ. ಇನ್ನೊಂದು ಮಾತು, ನಮ್ಮಲ್ಲಿ ಹಂದಿಯನ್ನು ಸುಟ್ಟು ಕೂದಲು ತೆಗೆದು ಚರ್ಮ ಸಮೇತ ಮಾರುತ್ತಾರೆ. ಪಂದಿ ಕರಿಗೆ, ಅಂದರೆ ನಮ್ಮ ಹಂದಿ ಸಾರಿಗೆ, ಆ ಚರ್ಮ ಬೇಕೇಬೇಕು, ಕೈಮಕ್ಕೆ ಬೇಡ. ಎಷ್ಟೇ ಸಣ್ಣಗೆ ಕೊಚ್ಚಿದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿ ಬೇರೆ ಪೊಟ್ಟಣ ಕಟ್ಟಿಸಿಕೊಳ್ಳಿ, ಭಾನುವಾರ ಕೆಲಸಕ್ಕೆ ಬರುತ್ತದೆ.

ಕೊಚ್ಚುವುದು ಹೇಗೆ? ಮರದ ಕೊರಡಿನ ಮೇಲೆ ಕತ್ತಿಯಲ್ಲಿ ಕೊಚ್ಚಿದ್ದೇ ಉತ್ತಮ. ಮೆಷಿನ್ ಆದರೆ ಒಂದೇ ಸಲ ಹಾಕಿಸಿ. ಎರಡು ಸಲ ಹಾಕಿದರೆ ಮೆಷಿನ್ ಬಿಸಿಗೆ ನೆಣ ಕರಗಿ ಎಲ್ಲ ಪೇಸ್ಟ್ ಆಗುತ್ತದೆ. ಹಿಂದಿನವರ ಮಾಂಸ ಅದರೊಳಗೆ ಉಳಿದಿದೆಯೋ ನೋಡಿ, ಸಂಕೋಚ ಬೇಡ. ಮನೆಯ ಮಿಕ್ಸಿಯಲ್ಲೇ ಮಾಡುವವರು ತುಂಡುಗಳನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಮಳೆಗಾಲದಲ್ಲಿ ಕರೆಂಟು ಇದ್ದಾಗಲೇ ಆ ಕೆಲಸ ಮುಗಿಸಿಕೊಳ್ಳಿ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಫ್ರೀಜರ್ ಪೊಟ್ಟಣದ ಕೋಳಿ ಕೈಮದ ಬಗ್ಗೆ ಕೇಳುವವರಿದ್ದಾರೆ. ಒಮ್ಮೆ ತಂದಿದ್ದೆ. ಕರಗಿಸಿದಾಗ ಬಟ್ಟಲಲ್ಲಿ ಅರ್ಧ ಲೋಟ ಗುಲಾಬಿ ನೀರು. ಆ ನೀರಿಗೂ ಕೈಮದ ಬೆಲೆಯನ್ನೇ ಕೊಟ್ಟಿದ್ದೆ. ಮತ್ತೆ ತಂದಿಲ್ಲ.

ಮನೆಗೆ ತಂದ ಮೇಲೆ

ಅವತ್ತೇ ಮಾಡಿ. ಆಗದಿದ್ದರೆ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಹೆಚ್ಚೆಂದರೆ ಎರಡು ದಿನ. ಫ್ರೀಜರ್‌ನಲ್ಲಿ ಮೂರು ನಾಲ್ಕು ತಿಂಗಳು ಇಡಬಹುದು ಅನ್ನುತ್ತಾರೆ. ಜೂನ್, ಜುಲೈನಲ್ಲಿ ಎರಡು ದಿನ ಕರೆಂಟಿಲ್ಲದೆ ಕರಗಿ ಮೆತ್ತಗಾದ ಕೈಮವನ್ನು ಮತ್ತೆ ಗಟ್ಟಿ ಮಾಡಿ ಇಡಬೇಡಿ, ಎಸೆಯಿರಿ.

ಕಲಸುವುದು: ಉಂಡೆ ನಿಲ್ಲುವುದೂ ಬೀಳುವುದೂ ಇಲ್ಲೇ

ಅರ್ಧ ಕಿಲೋ ಕೈಮಕ್ಕೆ ಒಂದು ಚಮಚ ಉಪ್ಪು, ಬೇರೇನೂ ಹಾಕದೆ ಮೊದಲು ಅದನ್ನೇ ಕಲಸಿ. ಇದನ್ನು ಯಾರೂ ಮಾಡುವುದಿಲ್ಲ. ಈರುಳ್ಳಿ, ತೆಂಗಿನಕಾಯಿ, ಮಸಾಲೆ ಎಲ್ಲವನ್ನೂ ಒಟ್ಟಿಗೆ ಸುರಿದು ಚಪಾತಿ ಹಿಟ್ಟಿನ ಹಾಗೆ ನಾದಲು ಶುರು ಮಾಡುತ್ತಾರೆ. ಉಪ್ಪು ಮಾಂಸದ ಪ್ರೋಟೀನನ್ನು ಸ್ವಲ್ಪ ಕರಗಿಸಿ ಅಂಟು ಬಿಡಿಸುತ್ತದೆ. ಆ ಅಂಟೇ ಉಂಡೆಯನ್ನು ಹಿಡಿದಿಡುವುದು. ಎರಡು ನಿಮಿಷ ಕಲಸಿದ ಮೇಲೆ ಅಂಗೈಗೆ ಮೆತ್ತಿ ಕೈ ಬೋರಲು ಹಿಡಿಯಿರಿ. ಬೀಳದೆ ಅಂಟಿಕೊಂಡಿದ್ದರೆ ಸರಿ.

ಈಗ ಕೋಳಿಯ ದಾರಿ ಬೇರೆ, ಹಂದಿಯ ದಾರಿ ಬೇರೆ.

ಹಂದಿಗೆ ಹೆಚ್ಚಿನ ಉಪಚಾರ ಬೇಡ. ನುಣ್ಣಗೆ ರುಬ್ಬಿದ ತೆಂಗಿನಕಾಯಿ ಮೂರು ದೊಡ್ಡ ಚಮಚ, ಹುರಿಗಡಲೆ ಪುಡಿ ಎರಡು ಚಮಚ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಚಕ್ಕೆ ಲವಂಗದ ಪುಡಿ. ಇವು ಸೇರಿದ ಮೇಲೆ ಬೆರಳ ತುದಿಯಲ್ಲಿ ಬೆರೆಸಿ ಬಿಟ್ಟುಬಿಡಿ. ಕೈ ಬಿಸಿಗೆ ನೆಣ ಕರಗಿ ಬೆರಳಿಗೆ ಬೆಣ್ಣೆ ಹಚ್ಚಿದ ಹಾಗಾದರೆ ತಡವಾಗಿದೆ ಎಂದರ್ಥ, ಹತ್ತು ನಿಮಿಷ ಫ್ರಿಜ್ಜಿಗೆ ತಳ್ಳಿ.

ಕೋಳಿಗೆ ಇಲ್ಲದ್ದನ್ನು ನೀವೇ ಕೊಡಬೇಕು. ನೆಣದ ಬದಲು ಎರಡು ಚಮಚ ತುಪ್ಪ ಅಥವಾ ಎಣ್ಣೆ. ನೀರು ಹಿಡಿದಿಡಲು ಏನಾದರೂ ಮೆತ್ತನೆಯದು. ಬ್ರೆಡ್ ನೆನೆಸಿ ಹಾಕುವವರಿದ್ದಾರೆ. ನಾನು ಹಿಂದಿನ ದಿನ ಉಳಿದ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಒಂದನ್ನು ಕೈಯಲ್ಲಿ ಪುಡಿ ಮಾಡಿ, ಗಟ್ಟಿ ತೆಂಗಿನಹಾಲಿನಲ್ಲಿ ಕಾಲು ಗಂಟೆ ನೆನೆಸಿ, ಕಿವುಚಿ ಸೇರಿಸುತ್ತೇನೆ. ಹಸಿ ಈರುಳ್ಳಿ ಕೋಳಿಗೆ ಬೇಡ. ಅದು ನೀರು ಬಿಡುತ್ತದೆ, ಕೋಳಿ ಕೈಮ ಮೊದಲೇ ಮೆತ್ತಗೆ, ಅಲ್ಲಿಗೆ ಮುಗಿಯಿತು. ಅಣ್ಣನ ಮಗಳು ಮಾಡಿದ ತಪ್ಪೂ ಇದೇ. ಈರುಳ್ಳಿಯನ್ನು ಹುರಿದು, ಆರಿಸಿ ಹಾಕಿ. ಹುರಿಗಡಲೆ ಪುಡಿ ಮೂರು ಚಮಚಕ್ಕೆ ಏರಿಸಿ. ಮೆತ್ತಗಾಯಿತು ಅಂತ ಮೈದಾ ಸುರಿಯಬೇಡಿ, ಆಮೇಲೆ ತಿನ್ನುವುದು ಬೋಂಡ.

ಯಾವುದೇ ಆಗಲಿ, ಎಲ್ಲ ಉಂಡೆ ಕಟ್ಟುವ ಮೊದಲು ರೂಪಾಯಿ ನಾಣ್ಯದಷ್ಟು ತಟ್ಟಿ ಕಾವಲಿಯಲ್ಲಿ ಸುಟ್ಟು ತಿಂದು ನೋಡಿ. ಉಪ್ಪು, ಖಾರ, ಗಟ್ಟಿತನ ಮೂರೂ ಅಲ್ಲೇ ಗೊತ್ತಾಗುತ್ತವೆ. ಹಸಿ ಕೈಮ ನಾಲಿಗೆಗೆ ಹಚ್ಚಿ ಉಪ್ಪು ನೋಡುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ. ನಿಂಬೆ ಗಾತ್ರದ ಉಂಡೆ ಕಟ್ಟಿ, ತಟ್ಟೆ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಸಾರಿಗೆ ಇಳಿಸುವುದು

ಸಾರು ಎಂದಿನಂತೆ. ಆದರೆ ಉಂಡೆ ಹಾಕುವಾಗ ಅದು ಕುಣಿದು ಕುದಿಯುತ್ತಿರಬಾರದು, ತಣ್ಣಗೂ ಇರಬಾರದು. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು. ಒಂದೊಂದೇ ಇಳಿಸಿ. ಆಮೇಲೆ ಏಳೆಂಟು ನಿಮಿಷ ಸೌಟು ಮುಟ್ಟುವ ಹಾಗಿಲ್ಲ. ಪಾತ್ರೆಯ ಎರಡೂ ಕಿವಿ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಕುಲುಕಿಸಿದರೆ ಸಾಕು. ಕುಕ್ಕರ್‌ನಲ್ಲಿ ಎರಡು ವಿಷಲ್ ಹಾಕಿಬಿಡುವ ಅಡ್ಡದಾರಿ ಕೋಳಿಗಂತೂ ಬೇಡವೇ ಬೇಡ. ಕೋಳಿ ಉಂಡೆ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುತ್ತದೆ, ಹಂದಿಗೆ ಇಪ್ಪತ್ತೈದು ನಿಮಿಷ ಕೊಡಿ.

ಬೆಂದಿದೆಯೋ ಅಂತ ಬಣ್ಣ ನೋಡಿ ಹೇಳುವುದು ನಂಬಿಕೆಯ ಮಾತಲ್ಲ, ಕೆಲವು ಕೈಮ ಬೇಯುವ ಮುಂಚೆಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಅಡುಗೆ ಥರ್ಮಾಮೀಟರ್ ಇದ್ದರೆ ದೊಡ್ಡ ಉಂಡೆಯ ನಡುವೆ ಚುಚ್ಚಿ ನೋಡಿ. ಕೋಳಿ, ಟರ್ಕಿಗೆ 74 ಡಿಗ್ರಿ ಸೆಲ್ಸಿಯಸ್, ಹಂದಿ, ಮಟನ್, ದನದ ಕೈಮಕ್ಕೆ 71 ಡಿಗ್ರಿ. ಥರ್ಮಾಮೀಟರ್ ಇಲ್ಲದವರು ಒಂದು ಉಂಡೆ ಒಡೆದು ನೋಡಿ, ನಡುವೆ ಅಂಟಂಟಾಗಿದ್ದರೆ ಇನ್ನೂ ಐದು ನಿಮಿಷ.

ಹುಳಿ ಕೊನೆಗೆ. ಹಂದಿಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಅರ್ಧ ಕಿಲೋಗೆ ಒಂದು ಸಣ್ಣ ಚಮಚ. ಕೋಳಿಗೆ ನಿಂಬೆರಸವೇ ಸಾಕು, ಕಾಚಂಪುಳಿ ಹಾಕಿದರೆ ಕೋಳಿ ಎಲ್ಲೋ ಕಳೆದುಹೋಗುತ್ತದೆ. ಬಾಟಲಿ ಕೊಳ್ಳುವಾಗ ಓರೆ ಮಾಡಿ ನೋಡಿ. ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ಅಸಲಿ ಕಾಚಂಪುಳಿ ಕಪ್ಪಗೆ, ಗಟ್ಟಿಯಾಗಿ, ಗಾಜಿಗೆ ಅಂಟಿಕೊಂಡು ಜಾರುತ್ತದೆ. ಕಾಫಿ ಡಿಕಾಕ್ಷನ್ ಥರ ಸರ್ರನೆ ಹರಿದರೆ ಅದನ್ನು ಪ್ರವಾಸಿಗರಿಗೇ ಬಿಟ್ಟುಬಿಡಿ.

ಇಷ್ಟೆಲ್ಲ ಆಗಿಯೂ ಉಂಡೆ ಒಡೆದರೆ? ಅಣ್ಣನ ಮಗಳಿಗೆ ಅವತ್ತು ಹೇಳಿದ್ದನ್ನೇ ಹೇಳುತ್ತೇನೆ. ಒಂದೆರಡು ಉಂಡೆ ಉಳಿಸಲು ಹೆಣಗಬೇಡ, ಎಲ್ಲವನ್ನೂ ಸೌಟಿನಿಂದ ಪುಡಿ ಮಾಡು, ದೊಡ್ಡ ಉರಿಯಲ್ಲಿ ನೀರು ಇಂಗಿಸು, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಅಕ್ಕಿ ರೊಟ್ಟಿ ಜೊತೆ ಬಡಿಸು ಅಂದೆ. ಹಾಗೇ ಮಾಡಿದಳು. ನೆಂಟರು ಎರಡೆರಡು ಸಲ ಹಾಕಿಸಿಕೊಂಡರಂತೆ. ಅವಳ ಮಾವ ಒಬ್ಬರೇ, ಬೆಳಗ್ಗೆ ಉಂಡೆ ಕಟ್ಟುವುದನ್ನು ನೋಡಿದ್ದವರು, ತಟ್ಟೆಯನ್ನೂ ಸೊಸೆಯ ಮುಖವನ್ನೂ ಒಮ್ಮೆ ನೋಡಿ ಸುಮ್ಮನೆ ಇನ್ನೊಂದು ರೊಟ್ಟಿ ಕೇಳಿದರಂತೆ.